ಸ್ಟಾರ್ ವಾರ್ಸ್ ಲ್ಯಾಂಡೋ, ಪ್ಯಾಂಡೋರಾವೋ? ಸಿನಿಮಾದಲ್ಲಿ ಕಾಣದ ಊರನ್ನು ಕಟ್ಟಿದ್ದು ಸರಿಯೇ?

ಪ್ರಶ್ನೆ: ಮೈಸೂರಿನ ಓದುಗಿ

ಎಲ್ಲರಿಗೂ ನಮಸ್ಕಾರ. ಮುಂದಿನ ಬೇಸಿಗೆ ರಜೆಯಲ್ಲಿ ನಾನು, ನಮ್ಮ ಯಜಮಾನರು, 12 ವರ್ಷದ ಮಗ, 7 ವರ್ಷದ ಮಗಳು ಮತ್ತು 71 ವರ್ಷದ ನನ್ನ ತಂದೆ ಅಮೆರಿಕಕ್ಕೆ ಹೊರಟಿದ್ದೇವೆ. ಅಕ್ಕ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿದ್ದಾಳೆ, ಭಾವನವರು ಫ್ಲಾರಿಡಾದ ಟ್ಯಾಂಪಾದಲ್ಲಿದ್ದಾರೆ. ಎರಡೂ ಮನೆಗಳಿಗೆ ಹೋಗುವುದು ಖಂಡಿತ. ಆದರೆ ಟಿಕೆಟ್ಟಿನ ದರ ನೋಡಿದ ಮೇಲೆ ಡಿಸ್ನಿಯವರ ಒಂದೇ ಪಾರ್ಕಿಗೆ, ಒಂದೇ ದಿನ ಹೋಗುವುದೆಂದು ತೀರ್ಮಾನಿಸಿದ್ದೇವೆ.

ನನ್ನ ತಂದೆ 1980ರ ದಶಕದ ಕೊನೆಯಲ್ಲಿ ಶನಿವಾರ ಸಂಜೆ ವಿಸಿಆರ್ ಬಾಡಿಗೆಗೆ ತಂದು, ಬೀದಿಯ ಮಕ್ಕಳನ್ನೆಲ್ಲ ನಡುಮನೆಯಲ್ಲಿ ಕೂರಿಸಿ, ಸ್ಟಾರ್ ವಾರ್ಸ್‌ನ ಮೊದಲ ಚಿತ್ರವನ್ನು ತೋರಿಸಿದವರು. ನಮಗೆ ಇಂಗ್ಲಿಷ್ ಅರ್ಥವಾಗದ ಕಡೆ ಕ್ಯಾಸೆಟ್ ನಿಲ್ಲಿಸಿ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅವರಿಗೆ ಗೊತ್ತಿರುವುದು ಹಳೆಯ ಮೂರು ಚಿತ್ರಗಳು ಮಾತ್ರ. ಮಗ ಎಲ್ಲವನ್ನೂ ನೋಡಿದ್ದಾನೆ. ಮಗಳು ಸ್ಟಾರ್ ವಾರ್ಸನ್ನೂ ನೋಡಿಲ್ಲ, ಅವತಾರ್ ಚಿತ್ರವನ್ನೂ ನೋಡಿಲ್ಲ. ಕೆಲವು ವರ್ಷಗಳ ಹಿಂದೆ ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಹೋಗಿದ್ದಾಗ ಜುರಾಸಿಕ್ ಪಾರ್ಕ್ ಭಾಗದಲ್ಲಿ ನಮಗೆಲ್ಲ ಬಹಳ ಸಂತೋಷವಾಗಿತ್ತು, ಏಕೆಂದರೆ ಆ ಮಹಾದ್ವಾರವನ್ನು ಕಂಡ ಕೂಡಲೇ ನಾವೆಲ್ಲಿದ್ದೇವೆಂದು ಯಾರೂ ಹೇಳಬೇಕಾಗಿರಲಿಲ್ಲ.

ಈಗ ನನ್ನ ಗೊಂದಲ ಇದು. ಡಿಸ್ನಿ ಪಾರ್ಕಿನೊಳಗೆ ಸ್ಟಾರ್ ವಾರ್ಸ್‌ಗೆಂದೇ ಕಟ್ಟಿದ ಭಾಗವಾದ (ಇಂಥ ಭಾಗವನ್ನು ಲ್ಯಾಂಡ್ ಎನ್ನುತ್ತಾರೆ) ಗ್ಯಾಲಕ್ಸೀಸ್ ಎಡ್ಜ್ ಬಗ್ಗೆ ಓದುತ್ತಾ ಹೋದಾಗ, ಅಲ್ಲಿ ಕಟ್ಟಿರುವುದು ಎರಡು ಸೂರ್ಯರಿರುವ ಟಾಟೂಯಿನ್ ಅಲ್ಲ, ಹಿಮದ ಹಾತ್ ಅಲ್ಲ, ಯಾವ ಚಿತ್ರದಲ್ಲೂ ಕಾಣದ ಬಟೂ ಎಂಬ ಗ್ರಹ ಎಂದು ತಿಳಿಯಿತು. ಕೆಲವು ಅಭಿಮಾನಿಗಳು ಇದನ್ನು ಬಹಳ ಮೆಚ್ಚುತ್ತಾರೆ, ಕೆಲವರು ಇದೇ ದೊಡ್ಡ ತಪ್ಪೆನ್ನುತ್ತಾರೆ. ಅವತಾರ್ ಚಿತ್ರದ ಲೋಕವನ್ನು ಕಟ್ಟಿರುವ ಫ್ಲಾರಿಡಾದ ಪ್ಯಾಂಡೋರಾದ ಬಗ್ಗೆ ಅಷ್ಟು ಜಗಳ ಕಾಣಲಿಲ್ಲ. ನೋಡಿ ಬಂದವರು ಸುಮ್ಮನೆ ಚೆನ್ನಾಗಿದೆ ಎನ್ನದೆ, ಏಕೆ ಚೆನ್ನಾಗಿದೆ ಅಥವಾ ಏಕೆ ಇಲ್ಲ ಎಂಬುದನ್ನು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ನನ್ನ ತಂದೆಗೆ ಆ ಬಟೂವಿನಲ್ಲಿ ತಮ್ಮದೆನ್ನುವಂಥದ್ದು ಏನಾದರೂ ಸಿಗುತ್ತದೆಯೇ?

ಉತ್ತರ 1: ಆರೆಂಜ್ ಕೌಂಟಿ ಕನ್ನಡಿಗ

ನಮಸ್ಕಾರ ಮೇಡಂ. ನಾನು ಡಿಸ್ನಿಲ್ಯಾಂಡ್ ಇರುವ ಕ್ಯಾಲಿಫೋರ್ನಿಯಾದ ಅನಾಹೈಮ್‌ಗೆ ಹತ್ತಿರದಲ್ಲೇ ವಾಸವಾಗಿದ್ದೇನೆ. ಅಲ್ಲಿಯ ಗ್ಯಾಲಕ್ಸೀಸ್ ಎಡ್ಜ್ 2019ರ ಮೇ 31ರಂದು ತೆರೆದಾಗ, ಮೊದಲ ಕೆಲವು ವಾರ ಮುಂಗಡವಾಗಿ ಕಾಯ್ದಿರಿಸಿದವರಿಗೆ ಮಾತ್ರ, ಅದೂ ನಾಲ್ಕು ಗಂಟೆಯ ಮಟ್ಟಿಗೆ ಪ್ರವೇಶವಿತ್ತು. ಹಾಗೆ ಒಳಗೆ ಹೋದವರಲ್ಲಿ ನಾನೂ ಒಬ್ಬ. ಆಮೇಲೆ ಎಷ್ಟು ಸಲ ಹೋಗಿದ್ದೇನೆ ಎಂಬ ಲೆಕ್ಕ ಇಟ್ಟಿಲ್ಲ. ಬಟೂವನ್ನು ಮೆಚ್ಚುವವರ ಪರವಾಗಿ ನಾನು ಮಾತಾಡುತ್ತೇನೆ.

ಟಾಟೂಯಿನ್ ಕಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಅದು ಹಳೆಯ ಚಿತ್ರಗಳ ನಾಯಕ ಲ್ಯೂಕ್‌ನ ಊರು. ಅಲ್ಲಿ ಏನು ನಡೆಯಿತು, ಯಾರು ಎಲ್ಲಿ ನಿಂತಿದ್ದರು ಎಂಬುದೆಲ್ಲ ನಮಗೆ ಗೊತ್ತು. ಹಾಗಾಗಿ ನಾವು ಅಲ್ಲಿ ಚಿತ್ರೀಕರಣದ ಜಾಗ ನೋಡಲು ಬಂದ ಪ್ರವಾಸಿಗಳಷ್ಟೇ ಆಗುತ್ತಿದ್ದೆವು. ಸ್ಕಾಟ್ ಟ್ರೋಬ್ರಿಡ್ಜ್ ಅವರ ನೇತೃತ್ವದ ವಿನ್ಯಾಸಕರ ತಂಡ ಹೊಸ ಗ್ರಹವನ್ನು ಆರಿಸಿಕೊಂಡದ್ದು, ಇಲ್ಲಿ ಬೇರೆಯವರ ಕಥೆ ನಡೆದು ಮುಗಿದಿಲ್ಲ, ಬಂದವರ ಕಥೆಯೇ ಶುರುವಾಗಬೇಕು ಎಂಬ ಕಾರಣಕ್ಕೆ. ಮೊರಾಕ್ಕೋ ಮತ್ತು ಇಸ್ತಾಂಬುಲ್‌ನ ಸಂತೆಬೀದಿಗಳನ್ನು ನೋಡಿ ಬಂದು ಆ ತಂಡ 14 ಎಕರೆಯಲ್ಲಿ ಒಂದು ವ್ಯಾಪಾರದ ಊರನ್ನು ಎಬ್ಬಿಸಿದೆ. ನೆಲವನ್ನು ಗಮನಿಸಿ: ಕಾಂಕ್ರೀಟಿನಲ್ಲಿ ಡ್ರಾಯ್ಡ್‌ಗಳು, ಅಂದರೆ ಚಿತ್ರದ ಯಂತ್ರಮಾನವರು, ಓಡಾಡಿದ ಗಾಲಿಯ ಗುರುತುಗಳಿವೆ. ಅಂಗಡಿಗಳ ಫಲಕಗಳು ಚಿತ್ರದ ಔರೆಬೆಶ್ ಲಿಪಿಯಲ್ಲಿವೆ. ಕೆಲಸ ಮಾಡುವವರು ‘ಬ್ರೈಟ್ ಸನ್ಸ್’ ಎಂದು ಆ ಊರಿನ ರೀತಿಯಲ್ಲಿ ನಮಸ್ಕರಿಸುತ್ತಾರೆ. ತಂಪು ಪಾನೀಯದ ಬಾಟಲಿಯನ್ನೂ ಚಿತ್ರದ ಸ್ಫೋಟಕದ ಗುಂಡಿನ ಆಕಾರದಲ್ಲಿ ಮಾಡಿದ್ದರಿಂದ, 2019ರ ಆಗಸ್ಟ್‌ನಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ಇಲಾಖೆ ಅದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ ಎಂದು ಹೇಳಿ, ಕೆಲವೇ ದಿನಗಳಲ್ಲಿ ಆ ಮಾತನ್ನು ಹಿಂದಕ್ಕೆ ಪಡೆಯಿತು. ಅಷ್ಟು ಸಣ್ಣ ವಸ್ತುವಿನವರೆಗೆ ಲೋಕವನ್ನು ಕಟ್ಟಿದ್ದಾರೆ.

ಈಗ ನಿಮ್ಮ ತಂದೆಯವರ ಮಾತು. ಕಲ್ಲುಬಂಡೆಗಳ ನಡುವಿನ ದಾರಿಯಲ್ಲಿ ತಿರುಗಿದಾಗ ಹಳೆಯ ಚಿತ್ರಗಳ ಬಾಹ್ಯಾಕಾಶ ಹಡಗು ಮಿಲೆನಿಯಂ ಫಾಲ್ಕನ್ ಎದುರಿಗೆ ನಿಂತಿರುತ್ತದೆ. ಅದು ಮಾದರಿಯಲ್ಲ, ಪೂರ್ಣ ಗಾತ್ರದ ಹಡಗು, 100 ಅಡಿಗಿಂತ ಉದ್ದ. ಮಸಿ ಹತ್ತಿದ, ತೇಪೆ ಹಾಕಿದ ತಗಡುಗಳ ಸಮೇತ ಅದು ಅಲ್ಲಿದೆ. ಗ್ರಹ ಯಾವುದಾದರೇನು, ಆ ಹಡಗನ್ನು ಕಂಡವರಿಗೆ ತಮ್ಮ ಬಾಲ್ಯದ ವಸ್ತುವೊಂದು ಪರದೆಯಿಂದ ಇಳಿದು ಬಂದಂತಾಗುತ್ತದೆ.

ಇನ್ನು ರೈಸ್ ಆಫ್ ದ ರೆಸಿಸ್ಟೆನ್ಸ್. ಫ್ಲಾರಿಡಾದಲ್ಲಿ 2019ರ ಡಿಸೆಂಬರ್ 5ರಂದು, ಇಲ್ಲಿ 2020ರ ಜನವರಿ 17ರಂದು ತೆರೆದ ಈ ರೈಡ್ ಇಲ್ಲದಿದ್ದರೆ ನಾನು ಇಷ್ಟು ಗಟ್ಟಿಯಾಗಿ ವಾದಿಸುತ್ತಿರಲಿಲ್ಲ. ನಿಮ್ಮನ್ನು ಒಂದು ಸಣ್ಣ ನೌಕೆಗೆ ಹತ್ತಿಸುತ್ತಾರೆ, ದಾರಿಯಲ್ಲಿ ಶತ್ರುಗಳು ಅದನ್ನು ಸೆರೆಹಿಡಿಯುತ್ತಾರೆ. ನೀವು ಹತ್ತಿದ ಅದೇ ಬಾಗಿಲು ಮತ್ತೆ ತೆರೆದಾಗ ಹೊರಗೆ ಇದ್ದದ್ದು ಇಲ್ಲ. ಶತ್ರುವಿನ ಮಹಾನೌಕೆಯ ಹ್ಯಾಂಗರ್, ಸಾಲಾಗಿ ನಿಂತ 50 ಸ್ಟಾರ್ಮ್‌ಟ್ರೂಪರ್ ಸೈನಿಕರು, ಅವರ ಹಿಂದೆ ನಕ್ಷತ್ರಗಳು. ಆ ಕ್ಷಣದಲ್ಲಿ ಮಾತು ನಿಲ್ಲಿಸದವರನ್ನು ನಾನು ಕಂಡಿಲ್ಲ. ಆಮೇಲೆ ಹಳಿಯಿಲ್ಲದ ಬಂಡಿಗಳು ನಿಮ್ಮನ್ನು ಹೊತ್ತು ಶತ್ರುಗಳಿಂದ ತಪ್ಪಿಸಿಕೊಂಡು ಓಡುತ್ತವೆ. ಮೊದಲಿನಿಂದ ಕೊನೆಯವರೆಗೆ ಸುಮಾರು 18 ನಿಮಿಷ. ಇದು ಯಾವ ಚಿತ್ರದ ದೃಶ್ಯವೂ ಅಲ್ಲ, ನಿಮಗೇ ಆದ ಅನುಭವ. ಬಟೂವಿನ ತರ್ಕ ಪೂರ್ತಿಯಾಗಿ ಫಲಿಸಿರುವುದು ಇಲ್ಲಿಯೇ.

ಉತ್ತರ 2: ಕುಂದಾಪುರದ ಕಡೆಯವನು

ಮೇಲಿನವರು ಬರೆದಿರುವುದರಲ್ಲಿ ಸುಳ್ಳೇನೂ ಇಲ್ಲ. ಮಗನ ಮನೆಗೆ ಹೋಗಿದ್ದಾಗ ನಾನೂ ಅದನ್ನು ನೋಡಿದ್ದೇನೆ, ಕೆಲಸದ ಅಚ್ಚುಕಟ್ಟಿಗೆ ತಲೆದೂಗಿದ್ದೇನೆ. ಆದರೂ ಆ ಬೀದಿಗಳಲ್ಲಿ ಎರಡು ಗಂಟೆ ತಿರುಗಿದ ಮೇಲೆ ಏನೋ ಒಂದು ಇಲ್ಲ ಎಂದು ಮನಸ್ಸು ಹುಡುಕುತ್ತಿತ್ತು. ಅದು ಏನೆಂದು ಹೊಳೆದದ್ದು ಊರಿಗೆ ಬಂದು ಒಂದು ಬಯಲಾಟಕ್ಕೆ ಕೂತಾಗ.

ನಮ್ಮ ಆಟದಲ್ಲಿ ರಂಗಸ್ಥಳ ಎಂಬುದು ಬರಿಯ ನೆಲ. ಅಲ್ಲಿ ಅರಮನೆಯಿಲ್ಲ, ಕಾಡಿಲ್ಲ, ಕುರುಕ್ಷೇತ್ರವಿಲ್ಲ. ಭಾಗವತರು ಪದ ಎತ್ತಿದಾಗ, ಚೆಂಡೆಗೆ ಪೆಟ್ಟು ಬಿದ್ದಾಗ ಆ ನೆಲವೇ ಕುರುಕ್ಷೇತ್ರವಾಗುತ್ತದೆ. ಸ್ಟಾರ್ ವಾರ್ಸ್‌ಗೆ ಜಾನ್ ವಿಲಿಯಮ್ಸ್ ಅವರ ಸಂಗೀತವೇ ಹಿಮ್ಮೇಳ. ಅವರು ಈ ಲ್ಯಾಂಡಿಗೆಂದೇ ಹೊಸ ಕೃತಿಯೊಂದನ್ನು ರಚಿಸಿದರು, ಅದಕ್ಕೆ 2020ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆದರೆ 2019ರಲ್ಲಿ ತೆರೆದಾಗ ಆ ಬೀದಿಗಳಲ್ಲಿ ಚಿತ್ರದ ಸಂಗೀತ ಕೇಳಿಸುವಂತೆ ಇಟ್ಟಿರಲಿಲ್ಲ. ನಿಜವಾದ ಊರಿನಲ್ಲಿ ಆಕಾಶದಿಂದ ವಾದ್ಯವೃಂದ ಕೇಳಿಸುವುದಿಲ್ಲವಲ್ಲ, ಹಾಗಾಗಿ ಯಂತ್ರಗಳ ಸದ್ದು, ಹಾರಿಹೋಗುವ ನೌಕೆಗಳ ಗುಡುಗು, ಅಂಗಡಿಯ ರೇಡಿಯೋದಲ್ಲಿ ಅನ್ಯಗ್ರಹದ ಹಾಡು, ಇಷ್ಟೇ. ತರ್ಕಕ್ಕೆ ಅದು ಸರಿ. ಆದರೆ ಹಿಮ್ಮೇಳವಿಲ್ಲದೆ ವೇಷ ಎಷ್ಟೇ ಚೆನ್ನಾಗಿದ್ದರೂ ಆಟ ಏರುವುದಿಲ್ಲ.

ಎರಡನೆಯದು ಕಾಲದ ವಿಷಯ. ಬಟೂವಿನ ಕಥೆಯನ್ನು ಎಂಟನೆಯ ಮತ್ತು ಒಂಬತ್ತನೆಯ ಚಿತ್ರಗಳ ನಡುವಿನ ದಿನಗಳಿಗೆ ಕಟ್ಟಿಹಾಕಿದ್ದರು. ಹಾಗೆ ಕಟ್ಟಿದ್ದರಿಂದ ತೆರೆದಾಗ ಅಲ್ಲಿ ಹೊಸ ಚಿತ್ರಗಳ ರೇ, ಕೈಲೋ ರೆನ್, ಜೊತೆಗೆ ಚ್ಯೂಬಾಕ್ಕಾ ಓಡಾಡುತ್ತಿದ್ದರೇ ಹೊರತು, ಹಳೆಯ ಚಿತ್ರಗಳ ಖಳನಾಯಕ ಡಾರ್ತ್ ವೇಡರ್ ಬರುವಂತಿರಲಿಲ್ಲ, ತರುಣ ಲ್ಯೂಕ್ ಬರುವಂತಿರಲಿಲ್ಲ. ಮೇಡಂ ಅವರ ತಂದೆಯಂಥವರು ಪ್ರೀತಿಸಿದ ಮುಖಗಳೇ ನಿಯಮದ ಕಾರಣಕ್ಕೆ ಹೊರಗುಳಿದವು. ಕಡೆಗೆ 2022ರ ನವೆಂಬರ್‌ನಲ್ಲಿ ಅನಾಹೈಮ್‌ನವರೇ ಸ್ಟಾರ್ ವಾರ್ಸ್‌ನ ಟಿವಿ ಸರಣಿಯೊಂದರ ಪಾತ್ರಗಳಾದ ಮ್ಯಾಂಡಲೋರಿಯನ್ ಮತ್ತು ಗ್ರೋಗು ಇಬ್ಬರನ್ನೂ ಬೀದಿಗೆ ಕರೆತಂದರು. ಅವರ ಕಥೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಷ್ಟು ಹಿಂದಿನದು. ಅವರನ್ನು ನೋಡಲು ಸೇರಿದ ಜನರಲ್ಲಿ ಯಾರೂ ಇಸವಿಯನ್ನು ಕೇಳಲಿಲ್ಲ. ಪ್ರೇಕ್ಷಕರು ಪ್ರಸಂಗದ ಕಾಲಗಣನೆಗಿಂತ ಪಾತ್ರವನ್ನು ಪ್ರೀತಿಸುತ್ತಾರೆ ಎಂಬುದು ಕಟ್ಟಿದವರಿಗೂ ಅರ್ಥವಾಗಿದೆ ಎಂದೇ ನಾನು ತಿಳಿಯುತ್ತೇನೆ.

ಹೀಗೆಂದು ನಿಮ್ಮ ತಂದೆಯವರನ್ನು ಅಲ್ಲಿಗೆ ಕರೆದೊಯ್ಯಬೇಡಿ ಎನ್ನುತ್ತಿಲ್ಲ. ಅದೇ ಡಿಸ್ನಿಲ್ಯಾಂಡ್‌ನ ಟುಮಾರೋಲ್ಯಾಂಡ್ ಭಾಗದಲ್ಲಿ ಸ್ಟಾರ್ ಟೂರ್ಸ್ ಇದೆ. 1987ರ ಜನವರಿಯಲ್ಲಿ ತೆರೆದದ್ದು; ವಿಮಾನ ಚಾಲಕರ ತರಬೇತಿಗೆ ಬಳಸುವ ಸಿಮ್ಯುಲೇಟರ್ ಯಂತ್ರವನ್ನೇ ಪಳಗಿಸಿ ಮಾಡಿದ ರೈಡ್. 2011ರಲ್ಲಿ ಹೊಸದಾಗಿ ಮಾಡಿದ ಮೇಲೆ ಪ್ರತಿ ಸಲವೂ ಪ್ರಯಾಣದ ದಾರಿ ಬದಲಾಗುತ್ತದೆ. ಚಾಲಕನ ಜಾಗದಲ್ಲಿ ಹಳೆಯ ಚಿತ್ರಗಳ ಡ್ರಾಯ್ಡ್ ಸಿ-ಥ್ರೀಪಿಓ ಸಿಕ್ಕಿಹಾಕಿಕೊಂಡಿರುತ್ತಾನೆ, ಅದೃಷ್ಟವಿದ್ದರೆ ವೇಡರ್ ಎದುರಾಗುತ್ತಾನೆ, ಹಾತ್‌ನ ಹಿಮದ ಮೇಲೋ ಟಾಟೂಯಿನ್‌ನ ಮರಳಿನ ಮೇಲೋ ಹಾರಿಹೋಗುತ್ತೀರಿ. ಸಂಗೀತವೂ ಇದೆ. ಮೊದಲು ಅದನ್ನು ಮುಗಿಸಿ ಆಮೇಲೆ ಬಟೂವಿಗೆ ಹೋಗಿ. ಅಲ್ಲಿಯ ಓಗಾಸ್ ಕ್ಯಾಂಟೀನಾದಲ್ಲಿ ಹಾಡು ಹಾಕುವ ಡ್ರಾಯ್ಡ್‌ನನ್ನು ಗಮನಿಸಲು ಮರೆಯಬೇಡಿ; 1987ರ ಸ್ಟಾರ್ ಟೂರ್ಸ್‌ನಲ್ಲಿ ನೌಕೆ ನಡೆಸುತ್ತಿದ್ದ ರೆಕ್ಸ್ ಅವನೇ. ಹಳೆಯ ಪಾತ್ರಧಾರಿಯೊಬ್ಬನಿಗೆ ಹೊಸ ಮೇಳದಲ್ಲಿ ಕೆಲಸ ಕೊಟ್ಟದ್ದು ನನಗೆ ಬಹಳ ಇಷ್ಟವಾಯಿತು.

ಉತ್ತರ 3: ವಾಸ್ತುಶಿಲ್ಪದ ವಿದ್ಯಾರ್ಥಿನಿ

ಊರು ಚಿತ್ರದಲ್ಲಿತ್ತೇ ಇಲ್ಲವೇ ಎನ್ನುವುದಕ್ಕಿಂತ, ಒಳಗೆ ಕಾಲಿಟ್ಟವಳಿಗೆ ಅಲ್ಲಿ ನಾನು ಯಾರು ಎಂಬುದು ತಿಳಿಯುತ್ತದೆಯೇ ಎನ್ನುವುದು ಮುಖ್ಯ ಎಂದು ನನಗೆ ತೋರುತ್ತದೆ.

ನೀವು ಸಿಂಗಾಪುರದಲ್ಲಿ ಕಂಡ ಜುರಾಸಿಕ್ ಪಾರ್ಕನ್ನೇ ನೋಡಿ. ಆ ಚಿತ್ರದ ಕಥೆಯೇ ಒಂದು ಥೀಮ್ ಪಾರ್ಕಿನದು. ಹಾಗಾಗಿ ಟಿಕೆಟ್ ಕೊಂಡು ಒಳಗೆ ಬಂದ ನೀವು ನಟಿಸಬೇಕಾದದ್ದು ಏನೂ ಇಲ್ಲ. ಕಥೆಯಲ್ಲೂ ನೀವು ಟಿಕೆಟ್ ಕೊಂಡು ಬಂದವರೇ. 1996ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಮೊದಲ ಜುರಾಸಿಕ್ ರೈಡ್ ತೆರೆದಾಗಿನಿಂದ ಇದು ಕೆಲಸ ಮಾಡುತ್ತಾ ಬಂದಿದೆ. ದೋಣಿಯಲ್ಲಿ ಶಾಂತವಾಗಿ ಹೋಗುತ್ತೀರಿ, ಏನೋ ಕೆಡುತ್ತದೆ, 84 ಅಡಿ ಕೆಳಕ್ಕೆ ಬಿದ್ದು ಪಾರಾಗುತ್ತೀರಿ. ಮಗುವಿಗೂ ಅಜ್ಜನಿಗೂ ಒಂದೇ ಪಾತ್ರ.

ಪ್ಯಾಂಡೋರಾ ಇದನ್ನು ಇನ್ನೂ ಸೂಕ್ಷ್ಮವಾಗಿ ಮಾಡಿದೆ. ಅವತಾರ್ ಚಿತ್ರ ಬಂದದ್ದು 2009ರಲ್ಲಿ, ಲ್ಯಾಂಡ್ ತೆರೆದದ್ದು 2017ರ ಮೇ 27ರಂದು. ಆ ನಡುವಿನ ವರ್ಷಗಳಲ್ಲಿ ಅನೇಕ ಅಭಿಮಾನಿಗಳು, ಪಾತ್ರಗಳ ಹೆಸರುಗಳೇ ನೆನಪಿಲ್ಲದ ಚಿತ್ರಕ್ಕೆ 12 ಎಕರೆ ಏಕೆ ಎಂದು ಕೇಳಿದ್ದರು. ತೆರೆದ ಮೇಲೆ ಅವರಲ್ಲಿ ಬಹುಪಾಲು ಜನ ಅಭಿಪ್ರಾಯ ಬದಲಿಸಿಕೊಂಡರು. ಕಾರಣ ಸರಳ: ಆ ಚಿತ್ರದಲ್ಲಿ ಜನ ಪ್ರೀತಿಸಿದ್ದು ಕಥೆಯನ್ನಲ್ಲ, ಕಾಡನ್ನು. ಕಥೆ ಮರೆತವರಿಗೂ ಆ ಕಾಡು ನೆನಪಿತ್ತು. ವಿನ್ಯಾಸದ ಹೊಣೆ ಹೊತ್ತ ಜೋ ರೋಡೆ, 1998ರಲ್ಲಿ ತೆರೆದ ಅನಿಮಲ್ ಕಿಂಗ್ಡಮ್ ಪಾರ್ಕನ್ನೇ ರೂಪಿಸಿದವರು. ಅವರ ತಂಡ ಇಲ್ಲಿ ಚಿತ್ರದ ಯುದ್ಧ ಮುಗಿದು ಒಂದು ತಲೆಮಾರು ಕಳೆದ ಮೇಲಿನ ಕಾಲವನ್ನು ಆರಿಸಿಕೊಂಡಿತು. ನೀವು ಅಲ್ಲಿಗೆ ಕಾಡು ನೋಡಲು ಬಂದ ಅತಿಥಿ, ಅಷ್ಟೇ. ಲಿಪಿ ಕಲಿಯಬೇಕಿಲ್ಲ, ಯಾವ ಪಕ್ಷ ಸೇರಬೇಕೆಂದು ನಿರ್ಧರಿಸಬೇಕಿಲ್ಲ.

ಕಟ್ಟಡದ ಕಲಿಕೆಯವಳಾಗಿ ನನಗೆ ಅತ್ಯಂತ ಇಷ್ಟವಾದದ್ದು ಆ ತೇಲುವ ಬೆಟ್ಟಗಳು. ಭಾರವೆಲ್ಲ ಉಕ್ಕಿನ ಮೇಲೆ ನಿಂತಿದೆ, ಆದರೆ ಉಕ್ಕನ್ನು ಬೆಟ್ಟದಿಂದ ಬೆಟ್ಟಕ್ಕೆ ಇಳಿಬಿದ್ದ ಬಳ್ಳಿಗಳಾಗಿ ಮರೆಸಿದ್ದಾರೆ. ಮೇಲಕ್ಕೆ ಹೋದಂತೆ ಬಂಡೆಗಳ ಮತ್ತು ಗಿಡಗಳ ಗಾತ್ರವನ್ನು ಕಿರಿದಾಗಿಸಿರುವುದರಿಂದ ಬೆಟ್ಟ ಇರುವುದಕ್ಕಿಂತ ಎತ್ತರವಾಗಿ ತೋರುತ್ತದೆ. ಕೆಳಗೆ ನಿಜವಾದ ಗಿಡಗಳ ನಡುವೆ ಕೈಯಿಂದ ಮಾಡಿದ ಗಿಡಗಳನ್ನು ಬೆರೆಸಿದ್ದಾರೆ. ಎಷ್ಟೋ ಕಡೆ ಯಾವುದು ಯಾವುದೆಂದು ಬಗ್ಗಿ ನೋಡಿಯೇ ಹೇಳಬೇಕು. ಕತ್ತಲಾದ ಮೇಲೆ ಗಿಡಗಳೂ ಕಾಲಡಿಯ ನೆಲವೂ ಮೆಲ್ಲಗೆ ಬೆಳಗುತ್ತವೆ. ಆ ಹೊತ್ತಿನಲ್ಲಿ ನಿಮ್ಮ ಮಗಳು ಸಿನಿಮಾ ನೋಡಿರಲಿ ಬಿಡಲಿ, ಅವಳಿಗೆ ಯಾರೂ ಏನನ್ನೂ ವಿವರಿಸಬೇಕಾಗುವುದಿಲ್ಲ.

ಕೊರತೆ ಇಲ್ಲವೆಂದಲ್ಲ. ಫ್ಲೈಟ್ ಆಫ್ ಪ್ಯಾಸೇಜ್ ಅದ್ಭುತವಾದದ್ದು: ಬೈಕಿನ ಮೇಲೆ ಬಗ್ಗಿ ಕೂತಂತೆ ಕೂರುತ್ತೀರಿ, ನೀವು ಏರಿದ ಪ್ರಾಣಿ ಉಸಿರಾಡುವುದು ಎರಡೂ ಮೊಣಕಾಲಿಗೆ ತಾಗುತ್ತದೆ. ಆದರೆ ಮೊಣಕಾಲು ನೋವಿರುವ ಹಿರಿಯರಿಗೆ ಆ ಭಂಗಿ ಕಷ್ಟ. ದೋಣಿಯಲ್ಲಿ ಹೋಗುವ ನಾವಿ ರಿವರ್ ಜರ್ನಿ ಎಲ್ಲರಿಗೂ ಆಗುತ್ತದೆ, ಕೊನೆಯಲ್ಲಿ ಹಾಡುವ ನಾವಿ (ಪ್ಯಾಂಡೋರಾದ ಮೂಲನಿವಾಸಿ) ಹೆಂಗಸಿನ ಯಂತ್ರದ ಬೊಂಬೆಯ ಮುಖಭಾವ ಜೀವಂತ ಮನುಷ್ಯರದ್ದೇ ಎನ್ನಿಸುತ್ತದೆ. ಆದರೆ ಅದು ಐದು ನಿಮಿಷವೂ ಆಗುವ ಮೊದಲೇ ಮುಗಿದುಹೋಗುತ್ತದೆ. ಅಷ್ಟು ದೊಡ್ಡ ಕಾಡಿಗೆ ಇವೆರಡೇ ರೈಡ್.

ಉತ್ತರ 4: ಟ್ಯಾಂಪಾ ವಾಸಿ

ಒಂದು ಸಣ್ಣ ತಿದ್ದುಪಡಿ. ಗ್ಯಾಲಕ್ಸೀಸ್ ಎಡ್ಜ್ ಫ್ಲಾರಿಡಾದಲ್ಲೂ ಇದೆ, 2019ರ ಆಗಸ್ಟ್ 29ರಂದು ತೆರೆಯಿತು. ಆದರೆ ಅದು ಹಾಲಿವುಡ್ ಸ್ಟುಡಿಯೋಸ್ ಪಾರ್ಕಿನಲ್ಲಿದೆ, ಪ್ಯಾಂಡೋರಾ ಅನಿಮಲ್ ಕಿಂಗ್ಡಮ್‌ನಲ್ಲಿದೆ. ಒಂದೇ ಪಾರ್ಕಿನ ಟಿಕೆಟ್ಟಿನಲ್ಲಿ ಎರಡನ್ನೂ ನೋಡಲು ಆಗುವುದಿಲ್ಲ. ಎತ್ತರದ ಮಿತಿಯನ್ನೂ ತಿಳಿದಿರಿ: ಗ್ಯಾಲಕ್ಸೀಸ್ ಎಡ್ಜ್‌ನಲ್ಲಿ ಫಾಲ್ಕನ್ ಹಡಗನ್ನು ನಾವೇ ನಡೆಸುವ ರೈಡ್ ಆದ ಸ್ಮಗ್ಲರ್ಸ್ ರನ್‌ಗೆ 38 ಇಂಚು, ರೈಸ್ ಆಫ್ ದ ರೆಸಿಸ್ಟೆನ್ಸ್‌ಗೆ 40, ಫ್ಲೈಟ್ ಆಫ್ ಪ್ಯಾಸೇಜ್‌ಗೆ 44. ಹೊರಡುವ ಮೊದಲು ಮಗಳ ಎತ್ತರವನ್ನು ಚಪ್ಪಲಿ ಬಿಚ್ಚಿಸಿ ಅಳೆದುಕೊಳ್ಳಿ.

ಮತ್ತೆ: ಆರೆಂಜ್ ಕೌಂಟಿ ಕನ್ನಡಿಗ

ಕುಂದಾಪುರದವರ ಹಿಮ್ಮೇಳದ ಮಾತನ್ನು ಎರಡು ದಿನ ಯೋಚಿಸಿದೆ. ಸಂಗೀತದ ವಿಷಯದಲ್ಲಿ ಅವರು ಹೇಳಿದ್ದು ಸರಿ ಎಂದು ಒಪ್ಪುತ್ತೇನೆ, ಅರ್ಧ ಮಟ್ಟಿಗೆ. ಆಟ ನೋಡುವವನಿಗೆ ಹಿಮ್ಮೇಳ ಬೇಕು. ಸಂತೆಗೆ ಬಂದವನಿಗೆ ಸಂತೆಯ ಗಲಾಟೆಯೇ ಬೇಕು. ಬಟೂವಿನಲ್ಲಿ ಸಂಜೆಯ ಹೊತ್ತು ದೀಪಗಳು ಹತ್ತಿದಾಗ, ದೂರದಲ್ಲಿ ಯಾವುದೋ ನೌಕೆ ಇಳಿಯುವ ಸದ್ದು ಕೇಳಿದಾಗ, ನಾನು ಸಿನಿಮಾ ನೋಡುತ್ತಿಲ್ಲ, ಇಲ್ಲಿದ್ದೇನೆ ಎನ್ನಿಸುತ್ತದೆ. ಆ ಭಾವ ಸಂಗೀತವಿದ್ದರೆ ಬರುತ್ತಿರಲಿಲ್ಲ.

ಆದರೆ ವಿದ್ಯಾರ್ಥಿನಿಯವರ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನಿಮ್ಮ ಕಥೆಯನ್ನು ನೀವೇ ಬದುಕಿ ಎಂದು ಹೇಳಿದವರು, ಬಂದವರಿಗೆ ಮಾಡಲು ಕೊಟ್ಟದ್ದು ಹೆಚ್ಚಾಗಿ ಕೊಳ್ಳುವ ಕೆಲಸವನ್ನೇ. ಸಾವೀಸ್ ವರ್ಕ್‌ಶಾಪ್ ಎಂಬ ಅಂಗಡಿಯಲ್ಲಿ ಲೈಟ್‌ಸೇಬರ್, ಅಂದರೆ ಚಿತ್ರದ ಬೆಳಕಿನ ಖಡ್ಗ, ಕಟ್ಟಿಕೊಳ್ಳುವ ಆಚರಣೆ ನಿಜಕ್ಕೂ ಮನಸ್ಸಿಗೆ ತಟ್ಟುತ್ತದೆ, ಆದರೆ ತೆರೆದಾಗಲೇ ಅದರ ಬೆಲೆ 200 ಡಾಲರ್ ಇತ್ತು. ಆ ಮಾತನ್ನು ನಿಜವಾಗಿ ನಡೆಸಿದ್ದು ಫ್ಲಾರಿಡಾದ ಗ್ಯಾಲಕ್ಟಿಕ್ ಸ್ಟಾರ್‌ಕ್ರೂಸರ್ ಹೋಟೆಲ್. 100 ಕೋಣೆಗಳು, ಎರಡು ರಾತ್ರಿಯ ಪ್ರಯಾಣ, ಕಿಟಕಿಗಳಲ್ಲೆಲ್ಲ ಬಾಹ್ಯಾಕಾಶ. ಯಾವ ಪಾತ್ರದೊಡನೆ ಸೇರಿಕೊಂಡಿರಿ ಎಂಬುದರ ಮೇಲೆ ನಿಮಗೆ ಕಾಣುವ ಕಥೆಯೇ ಬೇರೆಯಾಗುತ್ತಿತ್ತು. ಇಬ್ಬರಿಗೆ ಸುಮಾರು 4,800 ಡಾಲರ್. 2022ರ ಮಾರ್ಚ್ 1ರಂದು ತೆರೆದು 2023ರ ಸೆಪ್ಟೆಂಬರ್ ಕೊನೆಯಲ್ಲಿ ಮುಚ್ಚಿತು. ಅಲ್ಲಿ ಮಾಡಿದ್ದರಲ್ಲಿ ಕಾಲು ಭಾಗವನ್ನು, ಬೀದಿಯಲ್ಲಿ ಓಡಾಡುವ ಪಾತ್ರಗಳನ್ನು, ಅವರು ನಿಮ್ಮನ್ನು ನೆನಪಿಟ್ಟುಕೊಂಡು ಮಾತಾಡಿಸುವುದನ್ನು, ಸಾಮಾನ್ಯ ಟಿಕೆಟ್ಟಿನ ಜನರಿಗೆ ಬಟೂವಿನಲ್ಲೇ ಕೊಟ್ಟಿದ್ದರೆ ಈ ವಾದವೇ ಹುಟ್ಟುತ್ತಿರಲಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಮತ್ತೆ: ಮೈಸೂರಿನ ಓದುಗಿ

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಊಟವಾದ ಮೇಲೆ ಎಲ್ಲ ಉತ್ತರಗಳನ್ನೂ ತಂದೆಗೆ ಓದಿ ಹೇಳಿದೆ. ಮಗಳಿಗಾಗಿ ಪ್ಯಾಂಡೋರಾಕ್ಕೆ ಹೋಗೋಣ ಎಂದು ನನ್ನ ಮನಸ್ಸು ವಾಲಿತ್ತು. ತಂದೆಯೂ ಮಕ್ಕಳಿಗೆ ಯಾವುದು ಇಷ್ಟವೋ ಅದೇ ಆಗಲಿ ಎಂದರು. ಆದರೆ ಸ್ವಲ್ಪ ಹೊತ್ತು ಬಿಟ್ಟು, ಫಾಲ್ಕನ್‌ನ ಒಳಗೆ ಚ್ಯೂಬಾಕ್ಕಾ ಚದುರಂಗ ಆಡುತ್ತಿದ್ದ ಆ ದುಂಡು ಮೇಜು ಅಲ್ಲಿದೆಯೇ, ಅಥವಾ ಹೊರಗಿನ ಹಡಗು ಮಾತ್ರವೇ ಎಂದು ಕೇಳಿದರು. ಅದಾದ ಮೇಲೆ ನಮ್ಮ ಯಜಮಾನರು ಡಿಸ್ನಿಲ್ಯಾಂಡ್ ಎಂದು ತೀರ್ಮಾನ ಮಾಡಿಬಿಟ್ಟರು. ಸ್ಟಾರ್ ಟೂರ್ಸ್ ಮೊದಲು, ಬಟೂ ಆಮೇಲೆ. ಮೇಜಿನ ವಿಷಯ ಯಾರಾದರೂ ತಿಳಿಸುತ್ತೀರಾ?

ಮತ್ತೆ: ಆರೆಂಜ್ ಕೌಂಟಿ ಕನ್ನಡಿಗ

ಇದೆ ಮೇಡಂ. ಸ್ಮಗ್ಲರ್ಸ್ ರನ್‌ನ ಸಾಲು ಆ ಕೋಣೆಯ ಮೂಲಕವೇ ಹೋಗುತ್ತದೆ. ನಿಮ್ಮ ಗುಂಪಿಗೆ ಒಂದು ಬಣ್ಣದ ಕಾರ್ಡ್ ಕೊಟ್ಟು, ಆ ಬಣ್ಣವನ್ನು ಕರೆಯುವವರೆಗೆ ಅಲ್ಲೇ ಇರಲು ಬಿಡುತ್ತಾರೆ, ಮೇಜಿನ ಸುತ್ತ ಕೂರಬಹುದು. ಸಿಗುವುದು ಕೆಲವೇ ನಿಮಿಷ, ಅಲ್ಲಿ ಎಲ್ಲರೂ ಅದೇ ಮೇಜಿಗೆ ಕಾದಿರುತ್ತಾರೆ. ಆದ್ದರಿಂದ ಒಳಗೆ ಕಾಲಿಟ್ಟ ಕೂಡಲೇ ಬೇರೆ ಏನನ್ನೂ ನೋಡದೆ ಮೊದಲು ತಂದೆಯವರನ್ನು ಅಲ್ಲಿ ಕೂರಿಸಿ, ಮಗನನ್ನು ಎದುರಿಗೆ ಕೂರಿಸಿ ಫೋಟೋ ತೆಗೆದುಕೊಳ್ಳಿ. ಕಾಕ್‌ಪಿಟ್‌ನಲ್ಲಿ ಆರು ಆಸನಗಳಿವೆ. ಮುಂದಿನ ಎರಡರಲ್ಲಿ ಹಡಗು ನಡೆಸುವವರು ಕೂರುತ್ತಾರೆ. ಕಾರ್ಡ್ ಹಂಚುವವರನ್ನು ಮೊದಲೇ ವಿನಯದಿಂದ ಕೇಳಿಕೊಂಡರೆ, ಸಾಧ್ಯವಾದಾಗ ಆ ಆಸನ ಕೊಡುತ್ತಾರೆ.